ಹೊರಡುವ ಮುನ್ನಾದಿನ

ಪ್ರವಾಸದ ಕಥೆ ಹೇಳುವವರು ಸಾಮಾನ್ಯವಾಗಿ ಬೆಟ್ಟದ ಬುಡದಿಂದಲೇ ಆರಂಭಿಸುತ್ತಾರೆ. ಅದಕ್ಕೂ ಮುಂಚೆ ಬಸ್ಸಿನಲ್ಲಿ ಕುಳಿತು ಕಳೆದ ದಿನವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಲಿಗೆ ಕೆಲಸವಿಲ್ಲದ ಆ ದಿನ ವ್ಯರ್ಥವೆಂದೇ ಎಲ್ಲರ ಎಣಿಕೆ. ಆದರೆ ನಡಿಗೆ ನೆಟ್ಟಗೆ ಸಾಗುತ್ತದೋ ಇಲ್ಲವೋ ಎಂಬುದರ ಅರ್ಧ ತೀರ್ಮಾನ ಆ ದಿನವೇ ಆಗಿಬಿಟ್ಟಿರುತ್ತದೆ. ಮಂಡ್ಯದ ದಂಪತಿಗೆ ಇದು ಮನದಟ್ಟಾದದ್ದು ಒಂದು ಡಿಸೆಂಬರ್ ತಿಂಗಳಲ್ಲಿ, ಮಡಿಕೇರಿಯಲ್ಲಿ.

ಅವರು ಸಹಕಾರ ಬ್ಯಾಂಕಿನ ನೌಕರ, ಐವತ್ತು ದಾಟಿದವರು. ಆಕೆ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ನಾಲ್ಕು ಕಾಸು ಸಂಪಾದಿಸುವವರು. ಮಗಳು ಎರಡನೇ ಪಿಯುಸಿ. ಕೃಷ್ಣರಾಜಸಾಗರದಿಂದ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬರುವ ನೀರನ್ನು ನೋಡುತ್ತಲೇ ಬೆಳೆದ ಆಕೆಗೆ, ಈ ನೀರು ಹುಟ್ಟುವ ಜಾಗಕ್ಕೆ ಒಮ್ಮೆ ನಡೆದೇ ಹೋಗಬೇಕೆಂಬ ಆಸೆ ಮದುವೆಗೆ ಮುಂಚಿನದು. ಜೊತೆಗೆ ಇನ್ನೊಂದು: ಕೊಡಗಿನ ಅತಿ ಎತ್ತರದ ಶಿಖರವಾದ ತಡಿಯಂಡಮೋಳ್ ಏರಬೇಕು. ಅದರ ಎತ್ತರ 1,748 ಮೀಟರ್ ಎಂಬುದು ಆಕೆಗೆ ಬಾಯಿಪಾಠ.

ಅಂತೂ ಏಳು ದಿನಗಳ ಯೋಜನೆ ಸಿದ್ಧವಾಯಿತು. ಮಡಿಕೇರಿಯಿಂದ ಊರುಗಳ ರಸ್ತೆಯಲ್ಲೇ ನಾಪೋಕ್ಲು, ಅಲ್ಲಿಂದ ಕಕ್ಕಬ್ಬೆ, ತಡಿಯಂಡಮೋಳ್ ಏರಿ ಇಳಿದು ಮತ್ತೆ ನಾಪೋಕ್ಲು ಕಡೆಯಿಂದ ಭಾಗಮಂಡಲ, ಕೊನೆಗೆ ಎಂಟು ಕಿಲೋಮೀಟರ್ ಮೇಲಿನ ತಲಕಾವೇರಿ. ರಾತ್ರಿ ತಂಗಲು ಹೋಂಸ್ಟೇಗಳು. ಬೆಟ್ಟ ಹತ್ತಲು ಅರಣ್ಯ ಇಲಾಖೆಯ ಅನುಮತಿಯನ್ನೂ ಮೊದಲೇ ಪಡೆದಿದ್ದರು. ಡಿಸೆಂಬರನ್ನು ಆರಿಸಿದ್ದಕ್ಕೂ ಕಾರಣವಿತ್ತು. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಮುತ್ತ ಗುಡ್ಡಗಳು ಜಾರಿ ಮನೆ, ತೋಟ, ರಸ್ತೆಗಳು ಕೊಚ್ಚಿಹೋದವು; 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟವೇ ಕುಸಿದು ಅರ್ಚಕರ ಕುಟುಂಬ ಮಣ್ಣಿನಡಿ ಸಿಲುಕಿತು. ಮಳೆಗಾಲದ ಕೊಡಗು ಕಣ್ಣಿಗೆ ಹಬ್ಬವಾದರೂ ಕಾಲಿಗೆ ಒಳ್ಳೆಯದಲ್ಲ ಎಂದು ಅವರು ಸರಿಯಾಗಿಯೇ ಲೆಕ್ಕ ಹಾಕಿದ್ದರು.

ಕೊಡಗಿಗೆ ರೈಲಿಲ್ಲ. ಮೈಸೂರಿನಲ್ಲಿ ಬಸ್ಸು ಬದಲಾಯಿಸಿ ಸುಮಾರು 120 ಕಿಲೋಮೀಟರ್ ಹೋಗಬೇಕು. ಹುಣಸೂರು, ಪಿರಿಯಾಪಟ್ಟಣ ದಾಟುವವರೆಗೆ ಬಯಲು. ಕುಶಾಲನಗರದ ಬಳಿ ಸೇತುವೆಯ ಮೇಲೆ ಕಾವೇರಿ ಕಂಡಾಗ ಆಕೆ ಕಿಟಕಿಯಿಂದ ಕೈಮುಗಿದರು. ಬೆಳಿಗ್ಗೆ ಶ್ರೀರಂಗಪಟ್ಟಣದಲ್ಲಿ ಕಂಡ ಹೊಳೆಯೇ ಇಲ್ಲಿ ಇನ್ನಷ್ಟು ಸಣ್ಣಗಾಗಿತ್ತು. ಸುಂಟಿಕೊಪ್ಪದ ನಂತರ ಏರು, ತಿರುವು, ಕಾಫಿ ತೋಟ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಇಳಿದಾಗ ಮಧ್ಯಾಹ್ನ ಎರಡು ಗಂಟೆ. ಬಿಸಿಲಿದ್ದರೂ ಗಾಳಿ ತಣ್ಣಗಿತ್ತು.

ಲಾಡ್ಜಿನಲ್ಲಿ ಊಟ ಮುಗಿಸಿ ಇಬ್ಬರೂ ಹೆಗಲಿಗೆ ಚೀಲ ಏರಿಸಿ ಪೇಟೆಗೆ ಹೊರಟರು. ಹೊರೆ ಹೊತ್ತು ಅರ್ಧ ಗಂಟೆ ನಡೆದು ನೋಡೋಣ ಎಂಬುದು ಆಕೆಯ ಸಲಹೆ. ಮಡಿಕೇರಿಯಲ್ಲಿ ಸಪಾಟು ರಸ್ತೆ ಹುಡುಕುವುದು ಕಷ್ಟ; ಹತ್ತು ಹೆಜ್ಜೆ ಏರಿದರೆ ಇಪ್ಪತ್ತು ಹೆಜ್ಜೆ ಇಳಿಯಬೇಕು. ಮಹದೇವಪೇಟೆಯ ಕಡೆಗೆ ಇಳಿಯುವಾಗ ಆಕೆ ಹಿಂದಿರುಗಿ ನೋಡಿದರು. ಗಂಡ ಬಲಗಾಲನ್ನು ಮಡಿಸದೆ, ಓರೆಯಾಗಿ, ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಏರುವಾಗ ಚೆನ್ನಾಗಿಯೇ ಇದ್ದ ನಡಿಗೆ ಇಳಿಯುವಾಗ ಬದಲಾಗಿತ್ತು.

ಆಕೆ ಆಗ ಏನೂ ಹೇಳಲಿಲ್ಲ. ದಿನಸಿ ಅಂಗಡಿಯೊಂದರ ತಕ್ಕಡಿಯಲ್ಲಿ ಎರಡೂ ಚೀಲ ತೂಗಿಸಿದರು. ಅವರದು 14 ಕಿಲೋ, ಆಕೆಯದು ಹನ್ನೊಂದೂವರೆ. ಬೆನ್ನಿನ ಹೊರೆ ಮೈತೂಕದ ಐದನೇ ಒಂದು ಭಾಗ ಮೀರಬಾರದು ಎಂಬುದು ಚಾರಣಿಗರ ಹಳೆಯ ಲೆಕ್ಕ. ಅದರ ಪ್ರಕಾರ 65 ಕಿಲೋದ ಅವರಿಗೆ 13, 54 ಕಿಲೋದ ಆಕೆಗೆ 11 ಕಿಲೋದೊಳಗಿರಬೇಕು. ಇಬ್ಬರದೂ ಹೆಚ್ಚೇ ಆಗಿತ್ತು.

ಕೋಣೆಗೆ ಮರಳಿ ಸಾಮಾನನ್ನೆಲ್ಲ ಮಂಚದ ಮೇಲೆ ಸುರಿದರು. ಮೂರನೇ ಸ್ವೆಟರ್, ಸ್ಟೀಲ್ ಡಬ್ಬಿಗಳು, ಎರಡು ಕಿಲೋ ಚಕ್ಕುಲಿ ಕೋಡುಬಳೆ, ದಪ್ಪ ಕಂಬಳಿ. ಇವುಗಳ ಕೆಳಗೆ, ಪಂಚೆಯಲ್ಲಿ ಸುತ್ತಿಟ್ಟಿದ್ದ ಮಂಡಿಗೆ ಹಾಕುವ ಪಟ್ಟಿ, ನೋವಿನ ಮುಲಾಮು, ಅರ್ಧ ಖಾಲಿಯಾದ ಮಾತ್ರೆಯ ಹಾಳೆ.

"ಎಷ್ಟು ದಿನದಿಂದ ರೀ?"

"ಮೂರು ತಿಂಗಳು. ನಡೀತಾ ನಡೀತಾ ಸರಿಹೋಗುತ್ತೆ ಅಂದ್ಕೊಂಡೆ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಹೊರಡೋದೇ ಬೇಡ ಅಂತಿದ್ದೆ. ಇಷ್ಟು ವರ್ಷ ಕಾದಿದ್ದೀಯ, ನನ್ನ ಕಾಲಿನಿಂದ ನಿಲ್ಲೋದು ಬೇಡ ಅಂತ."

ಆಕೆಗೆ ಸಿಟ್ಟು ಬಂದದ್ದು ನೋವಿನ ಬಗ್ಗೆ ಅಲ್ಲ. ತಡಿಯಂಡಮೋಳ್ ಇಳಿಯುವಾಗ, ಫೋನು ಸಿಕ್ಕರೂ ಸಿಕ್ಕಿತು ಇಲ್ಲದಿದ್ದರೂ ಇಲ್ಲ ಎಂಬಂಥ ಜಾಗದಲ್ಲಿ, ಸಂಜೆ ಐದಕ್ಕೆ ಈ ಸಂಗತಿ ಗೊತ್ತಾಗಿದ್ದರೆ? ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಮೈಭಾರ, ಹೊರೆ ಎರಡನ್ನೂ ತಡೆಯುವುದು ಮಂಡಿಯೇ. ಶಿಖರ ಏರಲು ಸಾಧ್ಯವಾದರೆ ಸಾಲದು, ಇಳಿಯಲೂ ಸಾಧ್ಯವಾಗಬೇಕು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಆಕೆ ಒಂದು ಹಾಳೆ, ಪೆನ್ನು ತೆಗೆದುಕೊಂಡರು.

ಹಾಳೆಯ ಮೇಲೆ ಇಳಿದದ್ದು ಇಷ್ಟು. ಮೊದಲ ದಿನ ನಾಪೋಕ್ಲುವರೆಗಿನ ಸುಮಾರು 20 ಕಿಲೋಮೀಟರೇ ಪರೀಕ್ಷೆ. ರಸ್ತೆಯಲ್ಲಿ ಬಸ್ಸು ಓಡಾಡುವುದರಿಂದ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಮಂಡಿ ಊದಿದರೆ ಆ ದಿನದ ನಡಿಗೆ ಅಲ್ಲಿಗೇ ಮುಗಿಯಿತು. 'ಸಾಕು' ಎಂದು ಯಾರು ಮೊದಲು ಹೇಳಿದರೂ ಇನ್ನೊಬ್ಬರು ವಾದ ಮಾಡಕೂಡದು. ತಡಿಯಂಡಮೋಳನ್ನು ಆಕೆ ಸ್ಥಳೀಯ ಮಾರ್ಗದರ್ಶಿಯ ಜೊತೆ ಏರುವುದು, ಅವರು ಕೆಳಗೆ ನಾಲ್ಕುನಾಡು ಅರಮನೆಯಲ್ಲಿ ಕಾಯುವುದು. ದೊಡ್ಡ ವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ ಆ ಅರಮನೆಯನ್ನು ನೋಡುತ್ತ ಕೂರುವುದಕ್ಕೆ ಅರ್ಧ ದಿನ ಏನೂ ಹೆಚ್ಚಲ್ಲ. ಕೊನೆಗೆ ಪ್ರತಿ ರಾತ್ರಿ ತಂಗುವ ಮನೆಯ ಹೆಸರು, ಫೋನ್ ನಂಬರು, ಮಗಳಿಗೆ ಕರೆ ಮಾಡುವ ಹೊತ್ತು. ರಾತ್ರಿ ಒಂಬತ್ತಾದರೂ ಕರೆ ಬಾರದಿದ್ದರೆ ಮೊದಲು ಆ ಮನೆಗೆ ಕೇಳುವುದು, ಅಲ್ಲಿಗೂ ತಲುಪಿಲ್ಲವೆಂದಾದರೆ 112.

ಹಾಳೆಯ ಫೋಟೋ ಕಳಿಸಿದ ಐದು ನಿಮಿಷಕ್ಕೆ ಮಗಳ ಫೋನು ಬಂತು. "ಅಪ್ಪ, ಮಂಡಿ ನೋವಿದ್ದು ಯಾಕೆ ಮುಚ್ಚಿಟ್ಟೆ?" ಅವರು ಹೆಂಡತಿಗೆ ಹೇಳಿದ್ದನ್ನೇ ಹೇಳಿದರು. ನಿಮಗೆಲ್ಲ ಬೇಜಾರಾಗುತ್ತೆ ಅಂತ, ತಾನಾಗಿ ಸರಿಹೋಗುತ್ತೆ ಅಂತ.

ಆ ಕಡೆ ತುಸು ಹೊತ್ತು ಸದ್ದಿಲ್ಲ. ಆಮೇಲೆ ಮಗಳು ಮೆಲ್ಲಗೆ ಹೇಳಿದಳು, "ನಾನೂ ಒಂದು ಹೇಳಬೇಕು. ಮಿಡ್‌ಟರ್ಮ್‌ನಲ್ಲಿ ಫಿಸಿಕ್ಸು 70ಕ್ಕೆ 49 ಅಂದಿದ್ನಲ್ಲ, ಅದು 19."

ಬೇರೆ ದಿನವಾಗಿದ್ದರೆ ಆ ಕೋಣೆಯಲ್ಲಿ ಏನಾಗುತ್ತಿತ್ತೋ. ಅಂದು ಅವರ ಕಣ್ಣೆದುರೇ ಮುಲಾಮು, ಮಾತ್ರೆ ಹರಡಿಕೊಂಡಿದ್ದವು. ಬೈಯಲು ಬಾಯಿ ಬರಲಿಲ್ಲ. "ಯಾವ ಪಾಠ ಅರ್ಥ ಆಗ್ತಿಲ್ಲ ಅಂತ ಪಟ್ಟಿ ಮಾಡಿಡು. ಬಂದ ಮೇಲೆ ಕೂತು ನೋಡೋಣ. ಟ್ಯೂಷನ್ ಬೇಕಾದ್ರೆ ಸೇರಿಸೋಣ. ಮಾರ್ಚಿಗೆ ಇನ್ನೂ ಹೊತ್ತಿದೆ," ಎಂದಷ್ಟೇ ಹೇಳಿದರು. ಆಕೆ ಫೋನು ತೆಗೆದುಕೊಂಡು, "ಊಟ ಆಯ್ತೇನೇ?" ಎಂದು ಕೇಳಿದರು.

ನಮ್ಮ ಮನೆಗಳಲ್ಲಿ ಸುಳ್ಳು ಹುಟ್ಟುವುದು ಬಹುಪಾಲು ಹೀಗೆಯೇ. ದೊಡ್ಡವರು ಪ್ರೀತಿಗೆ ಮುಚ್ಚಿಡುತ್ತಾರೆ, ಮಕ್ಕಳು ಹೆದರಿಕೆಗೆ ಮುಚ್ಚಿಡುತ್ತಾರೆ. ಎರಡೂ ಬಯಲಾಗುವುದು ಬೇರೆ ದಾರಿಯೇ ಉಳಿಯದಿದ್ದಾಗ, ಬೆಟ್ಟದ ಇಳಿಜಾರಿನಲ್ಲೋ ಫಲಿತಾಂಶದ ದಿನವೋ. ಮುನ್ನಾದಿನ ಹೇಳಿದರೆ ಯೋಜನೆ ಬದಲಾಗುತ್ತದೆ, ಅಷ್ಟೆ. ಆದರೆ ಹೇಳುವವರಿಗೆ, ಹೇಳಿದರೂ ಪರವಾಗಿಲ್ಲ ಎಂಬ ಧೈರ್ಯವನ್ನು ಕೇಳುವವರು ಕೊಟ್ಟಿರಬೇಕು.

ಬೇಡದ್ದನ್ನೆಲ್ಲ ಗಂಟು ಕಟ್ಟಿ ಲಾಡ್ಜಿನವರ ವಶಕ್ಕೆ ಕೊಟ್ಟರು. ಹಿಂತಿರುಗುವಾಗ ಹೇಗೂ ಮಡಿಕೇರಿಗೇ ಬರಬೇಕಲ್ಲ. ಚಕ್ಕುಲಿಯ ಅರ್ಧ ಪಾಲು ಲಾಡ್ಜಿನ ಹುಡುಗರಿಗೆ ಸಂದಿತು. ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ನಾಪೋಕ್ಲು ರಸ್ತೆ ಹಿಡಿದಾಗ ಅವರ ಚೀಲ ಒಂಬತ್ತು ಕಿಲೋಗೆ ಇಳಿದಿತ್ತು, ಆಕೆಯದು ಎಂಟಕ್ಕೆ. ಮಂಡಿಪಟ್ಟಿಯನ್ನು ಅವರು ಪ್ಯಾಂಟಿನ ಮೇಲೆಯೇ, ಎಲ್ಲರಿಗೂ ಕಾಣುವಂತೆ ಕಟ್ಟಿಕೊಂಡಿದ್ದರು.