ಸೋಮವಾರ ಒಂಬತ್ತೂವರೆಗೆ ಲ್ಯಾಬು

ಶುಕ್ರವಾರ ಸಂಜೆ ಅಕ್ಕನ ಫೋನು. "ಸೋಮವಾರ ಲ್ಯಾಬ್ ಪೀರಿಯಡ್ ಸಿಕ್ಕೈತೆ ಕಣೋ. ಒಂಬತ್ತೂವರೆಗೆ. ಹತ್ತು ಕಂಪ್ಯೂಟರು, ಹತ್ತರಲ್ಲೂ ಆಟ ಇರ್ಬೇಕು."

ಆಟ ಎಂದರೆ ನಾವಿಬ್ಬರೂ ಸೇರಿ ಮಾಡಿದ ಒತ್ತಕ್ಷರದ ಆಟ. ಕಂಪ್ಯೂಟರು ಒಂದು ಪದ ಹೇಳುತ್ತದೆ, ಮಗು ಅದನ್ನು ಕನ್ನಡದಲ್ಲಿ ಟೈಪು ಮಾಡಬೇಕು. ಒತ್ತು ತಪ್ಪಿತೋ, ಅಕ್ಷರ ಕೆಂಪಗಾಗಿ ಪರದೆಯಿಂದ ಉದುರುತ್ತದೆ. ಪದಗಳ ಪಟ್ಟಿ ಅಕ್ಕನದು, ದನಿ ಅಕ್ಕನದು, ಕೋಡು ನನ್ನದು. ಅವಳಿರುವುದು ಇನ್ನೊಂದು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ, ನಾನಿರುವುದು ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲಿನಲ್ಲಿ.

"ಪೆನ್‌ಡ್ರೈವಲ್ಲಿ ಹಾಕ್ಕೊಡ್ಲಾ ಅಕ್ಕ?"

"ಬೇಡಪ್ಪಾ ತಂದೆ. ಹೋದ ಸಲದ್ದೇ ಸಾಕು."

ಹೋದ ಸಲ ಪೆನ್‌ಡ್ರೈವಿನಲ್ಲಿ ಹೋದ ಆಟ ಒಂದೊಂದು ಯಂತ್ರದಲ್ಲಿ ಒಂದೊಂದು ವಯಸ್ಸಿನದಾಗಿ ಕೂತಿತ್ತು. ನಾನಿಲ್ಲಿ ತಿದ್ದಿದ್ದು ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಕನ್ನಡದ ತಂತ್ರಾಂಶಕ್ಕೆ ಇದು ಹಳೆಯ ಕಷ್ಟ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಡಿಟಿಪಿ ಅಂಗಡಿಯಿಂದ ಅಂಗಡಿಗೆ, ಸಿಡಿಯಿಂದ ಸಿಡಿಗೆ ನಕಲಾಗುತ್ತ ನಾಡೆಲ್ಲ ಹರಡಿದವು. ಹರಡಿದ್ದು ನಿಜ, ಆದರೆ ಯಾರ ಯಂತ್ರದಲ್ಲಿ ಯಾವ ಆವೃತ್ತಿ ಇದೆ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ.

ಲ್ಯಾಬಿನಲ್ಲಿರುವುದು ಉಬುಂಟು 24.04. ದಾರಿ ಒಂದೇ: ಉಬುಂಟುವಿನ ಆ್ಯಪ್ ಅಂಗಡಿಯಾದ ಸ್ನ್ಯಾಪ್ ಸ್ಟೋರ್. ಅಲ್ಲಿಗೆ ಆಟ ತಲುಪಿಬಿಟ್ಟರೆ ಹತ್ತೂ ಯಂತ್ರಕ್ಕೆ ಒಂದೇ ಮೂಲ. ಪ್ರತಿ ಯಂತ್ರವೂ ದಿನಕ್ಕೆ ನಾಲ್ಕು ಸಲ ಹೊಸದೇನಾದರೂ ಬಂದಿದೆಯೇ ಎಂದು ತಾನೇ ಸ್ಟೋರನ್ನು ಕೇಳಿಕೊಳ್ಳುತ್ತದೆ. ತಲುಪಿಸುವುದಕ್ಕೆ ಬೇಕಾದ ಆಯುಧ ಸ್ನ್ಯಾಪ್‌ಕ್ರಾಫ್ಟ್, ಟರ್ಮಿನಲ್ಲಿನ ಕಪ್ಪು ಪರದೆಯಲ್ಲಿ ಓಡುವ ಕಮಾಂಡು. ಇದರ ಹಿಂದಿನ ಕಂಪನಿ ಕ್ಯಾನೊನಿಕಲ್ ಕಟ್ಟಿದ ಮಾರ್ಕ್ ಶಟಲ್‌ವರ್ತ್ 2002ರಲ್ಲಿ ಸೊಯೂಜ್ ನೌಕೆ ಹತ್ತಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದ ಮನುಷ್ಯ. ಅವರಿಗೆ ಆ ಪಯಣ, ನನಗೆ ಈ ಪಯಣ. ನನ್ನದರಲ್ಲಿ ಕರೆಂಟೂ ಹೋಗುತ್ತದೆ.

ಮೊದಲ ಗಂಡಾಂತರ ಸ್ಟೋರಿನಲ್ಲಿ ಆಟದ ಹೆಸರು ನೋಂದಾಯಿಸುವುದು. ಅದನ್ನು ನಾನು ಪುಣ್ಯಕ್ಕೆ ತಿಂಗಳ ಹಿಂದೆಯೇ ದಾಟಿದ್ದೆ. ಇಲ್ಲದಿದ್ದರೆ ಈ ಗಾಥೆ ಶುಕ್ರವಾರ ರಾತ್ರಿಯೇ ಮುಗಿಯುತ್ತಿತ್ತು. ಒಂದು ಕಾಲದಲ್ಲಿ ಹೆಸರು ಟೈಪು ಮಾಡಿ ಎಂಟರ್ ಒತ್ತಿದರೆ ಆ ಕ್ಷಣ ನಿಮ್ಮದಾಗುತ್ತಿತ್ತು. ಕಳ್ಳರು ಅದನ್ನು ಕೆಡಿಸಿದರು. 2024ರ ಫೆಬ್ರುವರಿಯಲ್ಲಿ 'ಎಕ್ಸೋಡಸ್' ಎಂಬ ವಾಲೆಟ್ಟಿನ ಹೆಸರು ಹೊತ್ತ ನಕಲಿ ಆ್ಯಪೊಂದು ಈ ಸ್ಟೋರಿನಲ್ಲೇ ಕೂತು, ನಂಬಿದವರೊಬ್ಬರ ಗುಪ್ತಪದಗಳನ್ನು ಕೇಳಿ ಪಡೆದು, ಅವರ ಒಂಬತ್ತು ಬಿಟ್‌ಕಾಯಿನ್ ನುಂಗಿತು. ಹೆಚ್ಚುಕಡಿಮೆ ನಾಲ್ಕು ಕೋಟಿ ರೂಪಾಯಿ, ನಿಮಿಷಗಳಲ್ಲಿ ಮಂಗಮಾಯ. ಆಮೇಲೆ ಹೊಸ ಹೆಸರುಗಳನ್ನೆಲ್ಲ ಮನುಷ್ಯರೇ ಕೂತು ನೋಡಿ ಬಿಡುವ ನಿಯಮ ಬಂತು. ಆ ಕಾವಲುಗಾರ ಎಚ್ಚರವಾಗುವುದು ಎಷ್ಟು ಹೊತ್ತಿಗೋ, ಅವನಿಗೆ ನಮ್ಮ ಸೋಮವಾರದ ಪೀರಿಯಡ್ ಗೊತ್ತಿಲ್ಲ. ನನಗಂತೂ ಈ ಕಾವಲು ಬೇಕು ಅನ್ನಿಸುತ್ತದೆ. ಮಕ್ಕಳ ಯಂತ್ರಕ್ಕೆ ಹೋಗುವ ಮಾಲು.

ಹೆಸರಿನಲ್ಲಿ ಇನ್ನೊಂದು ಕಿರುಕುಳ. ಇಂಗ್ಲಿಷಿನ ಸಣ್ಣ ಅಕ್ಷರ, ಅಂಕಿ, ಅಡ್ಡಗೆರೆ ಬಿಟ್ಟು ಬೇರೇನೂ ಅದಕ್ಕೆ ಆಗದು. ಕನ್ನಡದಲ್ಲಿ ಬರೆಯಲು ಜಾಗವಿರುವುದು ಶೀರ್ಷಿಕೆಯಲ್ಲಿ, ಮತ್ತೆ ಒಂದು ಸಾಲಿನ ಪರಿಚಯದಲ್ಲಿ. ಆ ಸಾಲಿಗೆ ಮಿತಿ 78 ಅಕ್ಷರ. ಯಂತ್ರದ ಲೆಕ್ಕದಲ್ಲಿ ಕಾಗುಣಿತದ ಗುರುತು, ವಿರಾಮ, ಒತ್ತು ಎಲ್ಲಕ್ಕೂ ಬೇರೆ ಬೇರೆ ಶುಲ್ಕ. 'ರಾಷ್ಟ್ರ' ನಮಗೆ ಎರಡಕ್ಷರ, ಅದಕ್ಕೆ ಏಳು. ಒತ್ತಕ್ಷರ ಕಲಿಸುವ ಆಟದ ಪರಿಚಯವನ್ನು ಒತ್ತಕ್ಷರ ತಪ್ಪಿಸಿ ಬರೆಯುತ್ತ ಕೂತ ರಾತ್ರಿ ನೆನೆದರೆ ಈಗಲೂ ನಗು ಬರುತ್ತದೆ.

ಶನಿವಾರ ಬೆಳಿಗ್ಗೆ ಎರಡನೆಯ ಕೋಟೆ. ಸ್ನ್ಯಾಪ್‌ಕ್ರಾಫ್ಟ್ ಕೊಡುವ ಮಾದರಿ ಕಡತದಲ್ಲಿ ಎರಡು ಮಾತು ಮೊದಲೇ ಅಚ್ಚಾಗಿರುತ್ತವೆ: ಕನ್‌ಫೈನ್‌ಮೆಂಟ್ ಡೆವ್‌ಮೋಡ್, ಗ್ರೇಡ್ ಡೆವೆಲ್. ಈ ವೇಷದಲ್ಲಿ ಆ್ಯಪಿಗೆ ಬೇಲಿಯಿಲ್ಲ. ಎಲ್ಲವೂ ಚಂದಾಗಿ ಓಡುತ್ತದೆ. ಆದರೆ ಸ್ಟೋರಿನ ಅಂಗಳ ನಾಲ್ಕು: ಎಡ್ಜ್, ಬೀಟಾ, ಕ್ಯಾಂಡಿಡೇಟ್, ಸ್ಟೇಬಲ್. ಆ ಎರಡು ಮಾತುಗಳಲ್ಲಿ ಒಂದು ಉಳಿದಿದ್ದರೂ ಕೊನೆಯ ಎರಡು ಅಂಗಳದ ಬಾಗಿಲು ತೆರೆಯದು. ಮೇಲಾಗಿ ಡೆವ್‌ಮೋಡಿನಲ್ಲಿ ಹಾಕಿದ ಆ್ಯಪು ತಾನಾಗಿ ನವೀಕರಣವಾಗುವುದೂ ಇಲ್ಲ. ಹಾಗಾದರೆ ಪೆನ್‌ಡ್ರೈವಿಗೂ ಅದಕ್ಕೂ ಏನು ವ್ಯತ್ಯಾಸ?

'ಸ್ಟ್ರಿಕ್ಟ್' ಎಂದು ತಿದ್ದಿದೆ. ಎಂಟರ್.

ಬೇಲಿ ಬಿತ್ತು. ಕಿಟಕಿ ತೆರೆಯಿತು. ಪರದೆ ತುಂಬ ಚೌಕ ಚೌಕ ಡಬ್ಬಿಗಳು! ಕನ್ನಡದ ಒಂದಕ್ಷರವೂ ಇಲ್ಲ. ಬೇಲಿಯೊಳಗಿನ ಆ್ಯಪಿಗೆ ಯಂತ್ರದ ಫಾಂಟುಗಳು ಕಾಣುವುದಿಲ್ಲ. ಗುಬ್ಬಿ, ನವಿಲು, ಲೋಹಿತ್ ಎಲ್ಲ ಆಚೆ ಉಳಿದಿದ್ದವು. 'ಡೆಸ್ಕ್‌ಟಾಪ್' ಎಂಬ ಪ್ಲಗ್, ಅಂದರೆ ಅನುಮತಿ, ಕೇಳಿ ಪಡೆಯಬೇಕು. ಸೇರಿಸಿದೆ, ಮತ್ತೆ ಕಟ್ಟಿದೆ. ಅಕ್ಷರಗಳು ಎದ್ದು ಕೂತವು. ಅಕ್ಕನ ದನಿ ಕೇಳಿಸಿತು: "ವಿಜ್ಞಾನ." ಟೈಪು ಮಾಡಿದೆ. ಸರಿಯಾಯಿತು. ಗೆದ್ದೆ ಅಂದುಕೊಂಡೆ.

ಸಂಜೆ ಮೂಟೆಯ ತೂಕ ನೋಡಿದೆ. ಇನ್ನೂರು ಎಂಬಿ ದಾಟಿದೆ. ಹೊರಗೆ ದಾಬಸ್‌ಪೇಟೆ ಕಡೆಯಿಂದ ಮೋಡ ಕವಿಯುತ್ತಿದೆ. ಅಪ್‌ಲೋಡ್ ಕಮಾಂಡ್ ಕೊಟ್ಟೆ. ಪಟ್ಟಿ ತೆವಳತೊಡಗಿತು. ಹತ್ತು, ಹದಿನೆಂಟು, ಮೂವತ್ತು. ಗುಡುಗು. ಅರವತ್ತು. "ಮುದ್ದೆ ಆರ್ತಾ ಐತೆ, ಏಳೋ," ಅಡುಗೆಮನೆಯಿಂದ ಅಮ್ಮ. ಎಪ್ಪತ್ತೊಂದು. ಢಂ ಅಂತ ಎಲ್ಲೋ ಸದ್ದು, ಬೀದಿಗೆ ಬೀದಿಯೇ ಕತ್ತಲು. ಗೋಡೆಯ ಮೇಲಿನ ಮೋಡೆಮ್ಮಿನ ಹಸಿರು ದೀಪಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಪಟ್ಟಿ ನಿಂತಿತು, ತಡಕಾಡಿತು, ಕೆಂಪು ಸಾಲೊಂದು ಕಾರಿ ಸತ್ತಿತು.

ನಡುದಾರಿಯಲ್ಲಿ ತಂತಿ ಹರಿದರೆ ಎಲ್ಲಿ ಬಿಟ್ಟೆವೋ ಅಲ್ಲಿಂದ ಮುಂದುವರಿಯುವ ಮಾತಿಲ್ಲ. ಮತ್ತೆ ಸೊನ್ನೆಯಿಂದ.

ಲ್ಯಾಪ್‌ಟಾಪು, ಫೋನು, ತಲೆಗೊಂದು ಟವೆಲು. ಮೆಟ್ಟಿಲು ಹತ್ತಿ ಟೆರೇಸಿಗೆ ಓಡಿದೆ. ನೀರಿನ ಟ್ಯಾಂಕಿನ ಪಕ್ಕ, ಶೀಟಿನ ಕೆಳಗೆ ಕೂತೆ. ಮಿಂಚಿದಾಗಲೆಲ್ಲ ಶಿವಗಂಗೆ ಬೆಟ್ಟ ಫಳಕ್ಕನೆ ಎದ್ದು ಮಾಯವಾಗುತ್ತಿತ್ತು. ಫೋನಿನ ಹಾಟ್‌ಸ್ಪಾಟು ಹಚ್ಚಿದೆ. ಸಿಗ್ನಲ್ ಒಂದು ಕಡ್ಡಿ, ಎರಡು ಕಡ್ಡಿ, ಮತ್ತೆ ಒಂದು. ಬ್ಯಾಟರಿ ಶೇಕಡಾ ನಲವತ್ತರ ಕೆಳಗೆ. ಈ ಕಡ್ಡಿಯ ಮೇಲೆ ಇನ್ನೂರು ಎಂಬಿ ಹೊತ್ತು ದಾಟುವುದು ಅಸಾಧ್ಯ. ಭಾರ ಇಳಿಸಬೇಕು. ಏನನ್ನು?

ಅಕ್ಕನ ದನಿಯನ್ನು.

ಮೂವತ್ತನಾಲ್ಕು ನಿಮಿಷದ ಧ್ವನಿ, ವೇವ್ ಕಡತಗಳಲ್ಲಿ. ಸೆಕೆಂಡಿಗೆ 44,100 ಸಲ ಅಳೆದು, ಒಂದೊಂದು ಅಳತೆಗೆ ಎರಡೆರಡು ಬೈಟು. ಸುಮ್ಮನೆ ಗುಣಿಸಿ ನೋಡಿ, 180 ಎಂಬಿ. ಸಂಗೀತ ಕಛೇರಿಗೆ ಇದು ಸರಿ; 'ಉಜ್ಜ್ವಲ' ಎಂದು ಹೇಳುವುದಕ್ಕೆ ಬೇಕೇ? ಓಪಸ್ ಎಂಬ ಕೋಡೆಕ್ 2012ರಲ್ಲೇ ಅಂತರಜಾಲದ ಮಾನಕವಾಗಿದೆ. ಮನುಷ್ಯರ ಮಾತನ್ನು ಸೆಕೆಂಡಿಗೆ 24 ಕಿಲೋಬಿಟ್ಟಿನಲ್ಲಿ ಹಿಡಿದರೂ ಒತ್ತು ಒತ್ತಾಗಿಯೇ ಕೇಳುತ್ತದೆ. ಧ್ವನಿ ಪರಿವರ್ತಿಸುವ ಎಫ್‌ಎಫ್‌ಎಂಪೆಗ್‌ಗೆ ಒಂದು ಸಾಲು ಬರೆದು, ಇಡೀ ಫೋಲ್ಡರಿನ ಮೇಲೆ ಓಡಿಸಿದೆ. ಫ್ಯಾನು ಕಿರುಗುಟ್ಟಿತು. ಬ್ಯಾಟರಿ ಇಳಿಯಿತು. ಕಡತದ ಹೆಸರುಗಳು ಮಳೆಯ ವೇಗದಲ್ಲೇ ಪರದೆಯ ಮೇಲೆ ಸುರಿದವು. ಮುಗಿದಾಗ 180 ಎಂಬಿ ಹೋಗಿ ಆರು ಉಳಿದಿತ್ತು! ಇಯರ್‌ಫೋನು ಹಾಕಿಕೊಂಡು ಮಹಾಪ್ರಾಣಗಳನ್ನು ಮಾತ್ರ ಕೇಳಿ ನೋಡಿದೆ: 'ಖ'ಕಾರದ ಉಸಿರು ಹಾಗೇ ಇದೆ. ಮತ್ತೆ ಮೂಟೆ ಕಟ್ಟಿದೆ. ಒಳಗಿನ ಲೈಬ್ರರಿಗಳೆಲ್ಲ ಸೇರಿ ಅರವತ್ತರ ಆಸುಪಾಸು.

ಅಪ್‌ಲೋಡ್, ರಿಲೀಸ್ ಎಡ್ಜ್. ಎಂಟರ್.

ಇಪ್ಪತ್ತು. ನಲವತ್ತು. ಸಿಗ್ನಲ್ ಹೋಯಿತು, ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದೆ, ಬಂತು. ಎಂಬತ್ತೈದು. ಇಂಥ ಹೊತ್ತಿನಲ್ಲಿ ಕಪ್ಪು ಪರದೆಯ ಬೆಲೆ ಗೊತ್ತಾಗುತ್ತದೆ. ಇದೇ ಕೆಲಸಕ್ಕೆ ಬ್ರೌಸರು ತೆರೆದಿದ್ದರೆ ಪುಟ ಬಿಡಿಸಿಕೊಳ್ಳುವ ಹೊತ್ತಿಗೇ ನಾನು ನೆನೆದು ತೊಪ್ಪೆಯಾಗಿರುತ್ತಿದ್ದೆ. ಕಮಾಂಡಿಗೆ ಚಿತ್ರ ಬೇಡ, ಬಣ್ಣ ಬೇಡ. ಕಳಿಸಬೇಕಾದ್ದನ್ನಷ್ಟೇ ಕಳಿಸುತ್ತದೆ. ನೂರು. 'ಪ್ರೊಸೆಸಿಂಗ್' ಎಂದಿತು. ಅಂದರೆ ಅತ್ತ ಸ್ಟೋರಿನ ಯಂತ್ರಗಳು ಮೂಟೆ ಬಿಚ್ಚಿ ತಪಾಸಣೆ ಮಾಡುತ್ತಿವೆ: ಕೇಳಿದ ಪ್ಲಗ್ಗುಗಳು ಯಾವುವು, ಬೇಲಿ ದಾಟುವ ಹಂಚಿಕೆ ಇದೆಯೇ. ಸಂಶಯದ ಅನುಮತಿ ಕೇಳಿದ್ದರೆ ಕಡತ ಮನುಷ್ಯರ ಮೇಜಿಗೆ ಹೋಗಿ ಅಲ್ಲೇ ಕೂರುತ್ತಿತ್ತು. ನಾನು ಮೈಕನ್ನೂ ಕೇಳಿರಲಿಲ್ಲ. ಬಂತು ಉತ್ತರ: ಹೊಸ ರಿವಿಷನ್ ತಯಾರು, ಎಡ್ಜ್‌ಗೆ ಬಿಡುಗಡೆ.

ಕೆಳಗಿಳಿದು ಆರಿದ ಮುದ್ದೆಗೆ ಬಿಸಿ ಸಾರು ಸುರಿದುಕೊಂಡು ತಿಂದೆ.

ಭಾನುವಾರ ರಾತ್ರಿ ಒಂಬತ್ತು. ಅಕ್ಕನ ಮನೆಯ ಲ್ಯಾಪ್‌ಟಾಪಿನಲ್ಲಿ ಆಟ ಇಳಿಯಿತು. ಫೋನಿನಲ್ಲಿ ಅವಳ ದನಿ, ಹಿನ್ನೆಲೆಯಲ್ಲಿ ಆಟದೊಳಗಿನ ಅವಳದೇ ದನಿ. "ಓಪನ್ ಆಯ್ತು. ಅಕ್ಷರ ಕಾಣ್ತೈತೆ. 'ವಿಜ್ಞಾನ' ಅಂತು." ಆಮೇಲೆ ಮೌನ.

"ಏನಾಯ್ತಕ್ಕ?"

"ಟೈಪೇ ಆಗ್ತಿಲ್ಲ ಕಣೋ. ಇಂಗ್ಲಿಷ್ ಬೀಳ್ತೈತೆ, ಕನ್ನಡ ಬೀಳ್ತಿಲ್ಲ."

ಎದೆ ಧಸಕ್ಕೆಂದಿತು. ನನ್ನಲ್ಲಿ ಓಡಿದ್ದು ಅಲ್ಲೇಕೆ ಮೂಗಾಯಿತು? ನಾನು ಬಳಸುವುದು ಉಬುಂಟುವಿನ 'ಕಗಪ' ಕೀಲಿಮಣೆ. ಅದು ಕೀಲಿಯ ಮಟ್ಟದಲ್ಲೇ ಅಕ್ಷರ ಕೊಡುತ್ತದೆ, ಬೇಲಿಗೆ ಅದರ ಗೊಡವೆಯಿಲ್ಲ. ಅಕ್ಕನ ಯಂತ್ರದಲ್ಲೂ ಲ್ಯಾಬಿನ ಹತ್ತರಲ್ಲೂ ಇರುವುದು ಐಬಸ್. ಅದು ಪಕ್ಕದಲ್ಲಿ ಬೇರೆಯೇ ಓಡುವ ಪ್ರೋಗ್ರಾಮು, ಅದರೊಡನೆ ಆ್ಯಪು ಮಾತಾಡಬೇಕು. ಬೇಲಿ ಆ ಮಾತನ್ನು ಕತ್ತರಿಸಿತ್ತು. ಆ ಕಿಂಡಿಗೆ ಬೇರೆ ಹೆಸರು: 'ಡೆಸ್ಕ್‌ಟಾಪ್ ಲೆಗಸಿ'. ಇಂಗ್ಲಿಷ್ ಆ್ಯಪು ಬರೆಯುವವನಿಗೆ ಇದರ ಕೊರತೆ ಜನ್ಮದಲ್ಲಿ ಕಾಣದೇ ಹೋಗಬಹುದು. ಕನ್ನಡದವನು ಎಡವುವುದೇ ಇಲ್ಲಿ.

ಒಂದು ಸಾಲು ಸೇರಿಸು. ಗ್ರೇಡ್ ಸ್ಟೇಬಲ್ ಮಾಡು. ಕಟ್ಟು. ಏರಿಸು. ಈ ಸಲ ಕರೆಂಟಿತ್ತು, ಮೋಡೆಮ್ ಹಸಿರಾಗಿತ್ತು, ಆದರೂ ಬೆರಳು ನಡುಗುತ್ತಿದ್ದವು. ಎಡ್ಜ್‌ಗೆ ಬಂತು. "ಸುಡೊ ಸ್ನ್ಯಾಪ್ ರಿಫ್ರೆಶ್ ಹೊಡಿ ಅಕ್ಕ." ಕೀಲಿಗಳ ಟಕಟಕ. ಕಾದೆ.

"ಬಂತು! 'ಜ್ಞ' ಬಂತು!"

ಇನ್ನುಳಿದದ್ದು ಸ್ಟೇಬಲ್. ಎಡ್ಜ್‌ನಲ್ಲಿರುವ ರಿವಿಷನ್ನನ್ನು ಅಲ್ಲಿಗೆ ದಾಟಿಸಲು ಅರವತ್ತು ಎಂಬಿ ಮತ್ತೆ ಹೊರಬೇಕಿಲ್ಲ. ರಿಲೀಸ್, ಆ್ಯಪಿನ ಹೆಸರು, ರಿವಿಷನ್ ಸಂಖ್ಯೆ, ಸ್ಟೇಬಲ್. ಒಂದು ಸಾಲು, ನಾಲ್ಕು ಮಾತು. ನಿನ್ನೆಯ ಟೆರೇಸಿನ ಒಂದು ಕಡ್ಡಿ ಸಿಗ್ನಲಿಗೂ ದಾಟಿಹೋಗುವಷ್ಟು ಹಗುರ. ದಾಟಿತು.

"ಅಷ್ಟೇನಾ? ನಾಳೆ ಲ್ಯಾಬಲ್ಲಿ ಇನ್‌ಸ್ಟಾಲ್ ಅನ್ಲಾ?"

"ಲ್ಯಾಬಲ್ಲಿ ನೆಟ್ ಹೆಂಗೈತೆ ಅಕ್ಕ?"

"ನನ್ ಫೋನಿಂದೇ."

ಹತ್ತು ಯಂತ್ರ, ತಲಾ ಅರವತ್ತು ಎಂಬಿ, ಒಂದು ಫೋನು, ನಲವತ್ತು ನಿಮಿಷದ ಪೀರಿಯಡ್ಡು. ದಡ ಮುಟ್ಟಿ ಮುಳುಗುವ ಲೆಕ್ಕ. ಆಗ ನೆನಪಾದದ್ದು 'ಸ್ನ್ಯಾಪ್ ಡೌನ್‌ಲೋಡ್'. ಮನೆಯಲ್ಲೇ ಒಮ್ಮೆ ಇಳಿಸಿಕೊಂಡರೆ ಎರಡು ಕಡತ ಸಿಗುತ್ತವೆ. ಒಂದು ಆ್ಯಪು, ಇನ್ನೊಂದು 'ಅಸರ್ಟ್' ಎಂಬ ಪುಟ್ಟ ಕಡತ. ಅದರಲ್ಲಿರುವುದು ಸ್ಟೋರಿನ ಸಹಿ, ಜೊತೆಗೆ ಆ್ಯಪಿನ ಬೈಟುಗಳನ್ನೆಲ್ಲ ಅರೆದು ತೆಗೆದ ಬೆರಳಚ್ಚು. ಲ್ಯಾಬಿನ ಯಂತ್ರದಲ್ಲಿ ಮೊದಲು 'ಸ್ನ್ಯಾಪ್ ಆಕ್' ಎಂದು ಸಹಿ ತೋರಿಸಬೇಕು, ಆಮೇಲೆ ಇನ್‌ಸ್ಟಾಲ್. ನಡುವೆ ವೈರಸ್ಸೋ ಕಿಡಿಗೇಡಿಯೋ ಒಂದು ಬೈಟು ಅಲುಗಿಸಿದ್ದರೂ ಯಂತ್ರ ಒಪ್ಪದು. ಒಪ್ಪಿತೆಂದರೆ ಅದು ಸ್ಟೋರಿಂದಲೇ ಬಂದ ಮಾಲು, ಮುಂದಿನ ನವೀಕರಣಗಳೆಲ್ಲ ತಾವಾಗಿ ಬರುತ್ತವೆ. ತಳಪಾಯವಾದ 'ಕೋರ್ 22' ಉಬುಂಟು 24.04ರ ಜೊತೆಗೇ ಬಂದಿರುತ್ತದೆ. ಅದಕ್ಕೇ ನಾನು ಅದನ್ನು ಆರಿಸಿಕೊಂಡದ್ದು.

"ಅಂದ್ರೆ ಮತ್ತೆ ಪೆನ್‌ಡ್ರೈವೇ?"

"ಈ ಸಲ ಸಹಿ ಹಾಕಿರೋ ಪೆನ್‌ಡ್ರೈವು ಅಕ್ಕ."

ಸೋಮವಾರ ಒಂಬತ್ತು ಐವತ್ತಕ್ಕೆ ವಾಟ್ಸಾಪಿನಲ್ಲಿ ಫೋಟೋ ಬಂತು. ಹತ್ತೂ ಪರದೆ, ಹತ್ತರಲ್ಲೂ ಕನ್ನಡ. ಫೋಟೋದ ಹಿಂದೆಯೇ ಫೋನು. "ಒಂಬತ್ತನೇ ಕ್ಲಾಸಿನ ಹುಡುಗಿ ಒಂದ್ ತಪ್ಪು ಹಿಡಿದ್ಲು. 'ಉಚ್ಛ್ವಾಸ'ದಲ್ಲಿ ಮಹಾಪ್ರಾಣ ಬಿಟ್ಟೋಗೈತೆ."

"ಪಟ್ಟಿ ನಿಂದು."

"ಗೊತ್ತು. ಸರಿಮಾಡು."

ಮಾಡಿದೆ. ಅರ್ಧ ಗಂಟೆಯಲ್ಲಿ ಹೊಸ ರಿವಿಷನ್ ಸ್ಟೇಬಲ್‌ನಲ್ಲಿತ್ತು. ಬದಲಾದಷ್ಟು ಭಾಗವನ್ನು ಮಾತ್ರ ಇಳಿಸಿಕೊಳ್ಳುವ ಏರ್ಪಾಡು ಸ್ನ್ಯಾಪಿನಲ್ಲಿರುವುದರಿಂದ ಫೋನಿನ ನೆಟ್ಟು ಸಾಕಾಯಿತು. ಯಂತ್ರಗಳು ತಾವಾಗಿ ಕೇಳುವ ತನಕ ಕಾಯುವ ತಾಳ್ಮೆ ಅಕ್ಕನಿಗಿಲ್ಲ. ಮಧ್ಯಾಹ್ನ ಇನ್ನೊಂದು ಬ್ಯಾಚು ಲ್ಯಾಬಿಗೆ ಬಂದಾಗ ತಾನೇ ಒಂದೊಂದರ ಮುಂದೆ ಹೋಗಿ ರಿಫ್ರೆಶ್ ಹೊಡೆದಳು. ಮತ್ತೆ ಫೋನು.

"ಒಂಬತ್ತು ಆಯ್ತು. ಒಂದು ಮಾತ್ರ ಆಗಲ್ಲ ಅಂತೈತೆ."

"ಅದರಲ್ಲಿ ಆಟ ಓಡ್ತಾ ಐತಾ ನೋಡು. ಓಡ್ತಿರೋವಾಗ ಬದಲಾಗಲ್ಲ. ಮುಚ್ಚಿಸು."

"ಮುಚ್ಚು ಅಂದೆ. ಈ ಹುಡುಗ ಕೀಬೋರ್ಡೇ ಬಿಡ್ತಿಲ್ಲ ಕಣೋ."