ಟಾಟಾನಗರದಲ್ಲಿ ಇಳಿದಾಗ ‘ಉಡಾನ್’ ನೆನಪಾಯ್ತು

ಆಫೀಸ್ ಕೆಲಸಕ್ಕೆ ಜಮ್‌ಶೆಡ್‌ಪುರಕ್ಕೆ ಹೋದವನಿಗೆ ಒಂದು ಭಾನುವಾರ ಖಾಲಿ ಸಿಕ್ಕಿತು. ಊರಿನ ಹೆಸರು ಅದಾದ್ರೂ ರೈಲಿನಿಂದ ಇಳಿಯೋದು ಟಾಟಾನಗರ ಸ್ಟೇಷನ್ನಿನಲ್ಲಿ. ಹೋಟೆಲಿನವರು ದಾಲ್ಮಾ ಬೆಟ್ಟ, ಡಿಮ್ನಾ ಕೆರೆ ಅಂತೆಲ್ಲ ಹೇಳಿದರು. ನನ್ನ ತಲೆಯಲ್ಲಿ ಇದ್ದದ್ದು ‘ಉಡಾನ್’.

2010ರ ಹಿಂದಿ ಸಿನಿಮಾ, ವಿಕ್ರಮಾದಿತ್ಯ ಮೋಟ್ವಾನೆಯ ಮೊದಲ ಚಿತ್ರ. ಕಾನ್ ಚಿತ್ರೋತ್ಸವಕ್ಕೆ ಹೋಯ್ತು, 7 ಫಿಲ್ಮ್‌ಫೇರ್ ಗೆದ್ದಿತು, ಥಿಯೇಟರ್ ಮಾತ್ರ ತುಂಬಲಿಲ್ಲ. ನನ್ನ ಟೀಮಿನಲ್ಲಿ ಅರ್ಧ ಜನ ಇನ್ನೂ ನೋಡಿಲ್ಲ. ಶಿಮ್ಲಾದ ಹಾಸ್ಟೆಲ್ ಶಾಲೆಯಿಂದ ಹೊರಬಿದ್ದ ರೋಹನ್ ಎಂಟು ವರ್ಷ ಮುಖವನ್ನೇ ತೋರಿಸದ ಅಪ್ಪನ ಮನೆಗೆ, ಇದೇ ಊರಿಗೆ, ಬರ್ತಾನೆ. ಅಲ್ಲಿ ನೋಡಿದ್ರೆ ತನಗೇ ಗೊತ್ತಿಲ್ಲದ ಪುಟ್ಟ ತಮ್ಮ! ಇವನಿಗೆ ಬರೆಯುವ ಹುಚ್ಚು. ಅಪ್ಪನಿಗೆ ಮಗ ತನ್ನ ಕಾರ್ಖಾನೆಯಲ್ಲಿ ದುಡೀಬೇಕು, ಇಂಜಿನಿಯರಿಂಗ್ ಓದಬೇಕು. ಅಪ್ಪನನ್ನ ಕರೀಬೇಕಾದ್ದು ‘ಸರ್’ ಅಂತ. ಬೆಳಿಗ್ಗೆ ಇಬ್ಬರಿಗೂ ಓಟದ ಪಂದ್ಯ, ಗೆಲ್ಲೋದು ಅಪ್ಪ.

ಬೆಳಿಗ್ಗೆ ಆರಕ್ಕೇ ಜುಬಿಲಿ ಪಾರ್ಕಿಗೆ ಹೋದೆ. ಉಕ್ಕಿನ ಕಂಪನಿಯ 50 ವರ್ಷದ ನೆನಪಿಗೆ ಕಟ್ಟಿದ್ದು, ಅದೂ ನಮ್ಮ ಬೃಂದಾವನದ ಮಾದರಿಯಲ್ಲಿ. ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ಹಸಿರು, ನಡುವೆ ಕಾರಂಜಿ. ಅಪ್ಪನ ಹೆಗಲ ಮೇಲೆ ಕೂತು ಕೆಆರ್‌ಎಸ್ ನೋಡಿದ್ದು ನೆನಪಾಯ್ತು.

ಅದೇ ಅಪ್ಪ ಮೂರು ವಾರದಿಂದ ನನ್ನ ತಮ್ಮನ ಜೊತೆ ಮಾತಾಡಿಲ್ಲ. ಎರಡನೇ ವರ್ಷಕ್ಕೇ ಇಂಜಿನಿಯರಿಂಗ್ ಬಿಟ್ಟು ಮನೆಗೆ ಬಂದಿದ್ದಾನೆ ಅಂತ. “ನೀನಾದ್ರೂ ಅವನಿಗೆ ಬುದ್ಧಿ ಹೇಳು” ಅನ್ನೋ ಮೆಸೇಜಿಗೆ ನಾನಿನ್ನೂ ಉತ್ತರ ಕೊಟ್ಟಿರಲಿಲ್ಲ. ಅಪ್ಪ ಹೇಳಿದ್ದನ್ನೇ ಓದಿ ಕೆಲಸ ಹಿಡಿದವನು ನಾನು. ಏನಂತ ಹೇಳಲಿ?

ಸಂಜೆ ದೋಮುಹಾನಿಗೆ ಹೋದೆ. ಖರ್ಕಾಯಿ ನದಿ ಸುವರ್ಣರೇಖೆಯನ್ನ ಸೇರೋ ಜಾಗ. ರೋಹನ್ ಕೊನೆಗೆ ಅಪ್ಪನನ್ನ ಹಿಂದೆ ಹಾಕಿ ಓಡಿಬಿಡ್ತಾನೆ (ನೋಡದವರು ಕ್ಷಮಿಸಿ). ಆದರೆ ನನಗೆ ಪ್ರತಿಸಲ ಗಂಟಲು ಕಟ್ಟೋದು ಅಲ್ಲಲ್ಲ, ಅವನು ತಮ್ಮನಿಗೋಸ್ಕರ ವಾಪಸ್ ಬರ್ತಾನಲ್ಲ, ಅಲ್ಲಿ.

ಅಲ್ಲಿಂದಲೇ ತಮ್ಮನಿಗೆ ಫೋನ್ ಮಾಡಿದೆ.

“ಏನೋ ಮಾಡ್ತಿದ್ದೀಯ?”

“ಏನಿಲ್ಲ ಅಣ್ಣ, ಸುಮ್ನೆ.”

“ಬೆಂಗಳೂರಿಗೆ ಬಾ. ಸ್ವಲ್ಪ ದಿನ ನನ್ನ ರೂಮಲ್ಲಿರು.”

ಆ ಕಡೆ ಸದ್ದಿಲ್ಲ. ಆಮೇಲೆ, “ಅಪ್ಪಂಗೆ ಯಾರು ಹೇಳ್ತಾರೆ?”

“ನಾನೇ ಹೇಳ್ತೀನಿ.”

ಹೇಳಿಬಿಟ್ಟೆ, ಸರಿ. ಅಪ್ಪನ ನಂಬರ್ ಒತ್ತೋ ಧೈರ್ಯ ಬರೋಷ್ಟರಲ್ಲಿ ನನ್ನ ಆಟೋ ಸಾಕ್ಚಿ ಮಾರ್ಕೆಟ್ ದಾಟಿತ್ತು.