ಮಣ್ಣೆತ್ತುಗಳ ಸಾಲಿನಲ್ಲೊಂದು ಹಂದಿ

ಹಂದಿಯೆಂಬ ಮಾತು ಕಿವಿಗೆ ಬಿದ್ದೊಡನೆ ಮೂಗು ಮುರಿಯುವ ಜನ ನಾವು. ಸಿಟ್ಟು ಬಂದಾಗ ಹುಡುಗರನ್ನು ಆ ಹೆಸರಿನಿಂದಲೇ ಕರೆಯುತ್ತೇವೆ. ಈ ಬೈಗುಳವನ್ನು ನಮ್ಮ ನಾಲಗೆಯಿಂದ ಕಿತ್ತೊಗೆದವನು ನಾಲ್ಕನೆಯ ಇಯತ್ತೆಯ ಒಬ್ಬ ಹುಡುಗ. ಅವನಿಂದ ಕಲಿತ ಪಾಠವನ್ನು ಶಿಕ್ಷಕಬಂಧುಗಳ ಮುಂದಿಡುವುದು ನಮ್ಮ ಕರ್ತವ್ಯವೆಂದು ತಿಳಿದು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಸಲಗರ ಬುದ್ರುಕದ ಈ ಸೀಮೆಯಲ್ಲಿ ಕಾರಹುಣ್ಣಿಮೆ ಕಳೆದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಆ ವರುಷ ಕಾರ್ಯಾನುಭವದ ತಾಸಿನಲ್ಲಿ ಮಕ್ಕಳ ಕೈಗೆ ಜೇಡಿಮಣ್ಣು ಕೊಟ್ಟು, ಎತ್ತು, ಗೋದಲಿಗಳನ್ನು ಮಾಡಲು ಹೇಳಿದೆವು. ಗಂಟೆ ಬಾರಿಸುವ ಹೊತ್ತಿಗೆ ಹಲಗೆಯ ಮೇಲೆ ಎತ್ತುಗಳ ಸಾಲು ನಿಂತಿತ್ತು. ಅದರ ನಡುವೆ ಒಂದು ಹಂದಿ! ಮಗ್ಗುಲಾಗಿ ಮಲಗಿದ ತಾಯಿ. ಹೊಟ್ಟೆಗೆ ಸಾಲಾಗಿ ಅಂಟಿಕೊಂಡ ಮರಿಗಳು. ಒಂದು ಮರಿ ಮಾತ್ರ ಸಾಲು ಬಿಟ್ಟು ದೂರದಲ್ಲಿ. ವರ್ಗವೆಲ್ಲ ಗೊಳ್ಳೆಂದು ನಕ್ಕಿತು. ನಾವಾದರೂ ಸುಮ್ಮನಿದ್ದೆವೇ? “ಇಂದು ಎತ್ತುಗಳ ಪೂಜೆ ತಮ್ಮಾ, ಇದು ಇಲ್ಲಿ ಬೇಡ” ಎಂದು ಎರಡು ಬೆರಳಿನಿಂದ ಅದನ್ನೆತ್ತಿ ಕಿಟಕಿಯ ಮೂಲೆಗಿಟ್ಟೆವು. “ಮಾಡಿ ಕಲಿ” ಎಂಬ ತತ್ತ್ವದ ಮೇಲೆ ಪುಟಗಟ್ಟಲೆ ಉತ್ತರ ಬರೆದು ತರಬೇತಿಯ ಪ್ರಮಾಣಪತ್ರ ಪಡೆದ ಬೆರಳುಗಳವು.

ಮರುದಿನ ಹುಡುಗ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾಲ್ಕನೆಯ ದಿನ ಸಂಜೆ ನಾವೇ ಅವನ ಮನೆಗೆ ಹೋದೆವು.

ಅದು ಬುಟ್ಟಿ ಹೆಣೆಯುವ ಕೈಕಾಡಿ ಮನೆತನ. ಅಂಗಳದಲ್ಲಿ ಹುಡುಗನ ಅಜ್ಜಿ ಕುಳಿತಿದ್ದಳು. ನೀರಿನಲ್ಲಿ ನೆನೆಹಾಕಿದ ತೊಗರಿಯ ಕಡ್ಡಿಗಳನ್ನು ಕಾಲಬೆರಳಿನಿಂದ ಒತ್ತಿಹಿಡಿದು ಹೆಣೆಯುತ್ತಿದ್ದಳು. ಒಣಗಡ್ಡಿ ಬಾಗಿಸಿದರೆ ಮುರಿಯುತ್ತದೆ, ನೆಂದದ್ದು ಬಳುಕುತ್ತದೆ. ನಸುಕಿನಲ್ಲೆದ್ದು ಹಂದಿಗಳಿಗೆ ಮುಸುರೆ ಹಾಕುವುದು, ಬಿಸಿಲೇರುವವರೆಗೆ ಹೆಣೆಯುವುದು, ಸಂತೆಯ ದಿನ ಬುಟ್ಟಿ ಹೊತ್ತು ನಡೆಯುವುದು, ಇದು ಅವಳ ದಿನಚರಿ. ಎಣಿಸುತ್ತ ನಿಂತ ನಮ್ಮನ್ನು ನೋಡಿ, “ನಿಲುಗಡ್ಡಿ ಜೋಡಿ ಬಂದ್ರ ಹೆಣಿಗಿ ಕೂಡೂದಿಲ್ರಿ ಮಾಸ್ತರ್ರ, ಒಂದು ಒಂಟಿ ಬೇಕ ಬೇಕು” ಎಂದಳು. ನಿಜವೇ. ನಿಲುಗಡ್ಡಿಗಳು ಬೆಸಸಂಖ್ಯೆಯಲ್ಲಿದ್ದರೆ ಮಾತ್ರ ಒಂದೇ ಎಳೆ ಸುತ್ತಿ ಬಂದಾಗ, ಹಿಂದಿನ ಸುತ್ತಿನಲ್ಲಿ ಮುಂದೆ ಹಾಯ್ದಲ್ಲಿ ಈಗ ಹಿಂದೆ ಹಾಯುತ್ತದೆ. ಸಮ-ಬೆಸಗಳನ್ನು ನಾವು ವರುಷಗಟ್ಟಲೆ ಕಲಿಸಿದ್ದೆವು. ಅವುಗಳ ಉಪಯೋಗವನ್ನು ಕಂಡದ್ದು ಅಂದೇ.

ಅವಳ ಮಗ್ಗುಲಲ್ಲಿ ಹಳೆಯ ಬಟ್ಟೆ ಹಾಸಿದ ಒಂದು ಪುಟ್ಟ ಬುಟ್ಟಿ. ಅದರೊಳಗೆ ಸೊರಗಿದ ಒಂದು ಹಂದಿಮರಿ! ಮರಿಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತಮ್ಮ ತಮ್ಮ ಮೊಲೆಯನ್ನು ಗೊತ್ತುಮಾಡಿಕೊಳ್ಳುತ್ತವೆ, ಮತ್ತೆ ಅದಲು-ಬದಲಿಲ್ಲ. ಬಲವಿಲ್ಲದ ಮರಿ ಹೊರಗುಳಿಯುತ್ತದೆ. ಅದಕ್ಕೆ ಅಜ್ಜಿ ಬೆರಳು ಅದ್ದಿ ಹಾಲು ನೆಕ್ಕಿಸುತ್ತಿದ್ದಳು. ಆಗ ನಮಗೆ ಹೊಳೆಯಿತು: ಹುಡುಗನ ಮಣ್ಣಿನ ಹಂದಿಯಲ್ಲಿ ಸಾಲು ಬಿಟ್ಟು ನಿಂತ ಮರಿ ಅಂಟದೆ ಉದುರಿದ್ದಲ್ಲ, ಇದೇ! ನಮ್ಮ ಕಣ್ಣಿಗೆ ತಪ್ಪಾಗಿ ಕಂಡದ್ದು ಅವನ ಕಣ್ಣಿನ ಸತ್ಯವಾಗಿತ್ತು.

ಹಿಂದಿರುಗುವಾಗ ದಾರಿಯುದ್ದಕ್ಕೂ ನಾಚಿಕೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ, ಭೂದೇವಿಯನ್ನೆತ್ತಿದ ವರಾಹನ ಮೂರ್ತಿಯೂ ಅಲ್ಲಿದೆ. ಚಾಲುಕ್ಯರ ಲಾಂಛನವೇ ವರಾಹ. ನಮ್ಮ ಹಿರಿಯರು ಎಣಿಸಿದ ಬಂಗಾರದ ನಾಣ್ಯದ ಹೆಸರೂ ವರಾಹ. ಇದನ್ನೆಲ್ಲ ಅಭಿಮಾನದಿಂದ ಹೇಳುವ ನಾವು ಮಣ್ಣಿನ ಹಂದಿಯನ್ನು ಮೂಲೆಗಿಟ್ಟೆವು. ಇಂಗ್ಲೆಂಡಿನ ಚಿತ್ರಗಾರ್ತಿ ಬಿಯಾಟ್ರಿಕ್ಸ್ ಪಾಟರ್ ತನ್ನ ತೋಟದ ಮನೆಯಲ್ಲಿ ಹಂದಿಮರಿಯೊಂದನ್ನು ಮುದ್ದಿನಿಂದ ಸಾಕಿದಳು. 1913ರಲ್ಲಿ ಹಂದಿಮರಿಯನ್ನೇ ನಾಯಕನನ್ನಾಗಿ ಮಾಡಿ ಸಚಿತ್ರ ಕಥೆ ಬರೆದಳು. ಆಕೆಯನ್ನು ಲೋಕ ಕಲಾವಿದೆಯೆಂದು ಕೊಂಡಾಡಿತು. ನಮ್ಮ ಅಜ್ಜಿಯ ಕುಲದವರನ್ನಾದರೋ ಆಂಗ್ಲ ಸರಕಾರ ಕಾಯದೆಯ ಬಲದಿಂದ ಅಪರಾಧಿಗಳ ಪಟ್ಟಿಗೆ ಸೇರಿಸಿತು. ಸೋಲಾಪುರದಲ್ಲಿ ಇಂಥವರಿಗಾಗಿ ತಂತಿಬೇಲಿಯ ಸೆಟ್ಲಮೆಂಟು ಇತ್ತು. 1952ರಲ್ಲಿ ಕಾಯದೆ ಹೋಯಿತು. ಬೇಲಿ ಮಾತ್ರ ನಮ್ಮ ವರ್ಗದ ಕಿಟಕಿಯ ಮೂಲೆಯಲ್ಲಿ ಇನ್ನೂ ಉಳಿದಿತ್ತು.

ಮರುದಿನ ಹುಡುಗ ಬಂದ. ಕ್ಷಮೆ ಕೇಳುವ ಪದ್ಧತಿ ಗುರುಗಳಿಗಿಲ್ಲವಷ್ಟೆ! ಆದುದರಿಂದ ಮಣ್ಣು ತೆಗೆದುಕೊಂಡು, ಎಲ್ಲರೆದುರಿಗೆ ಒಂದು ಹಂದಿಯನ್ನು ಮಾಡತೊಡಗಿದೆವು. ಅದು ಇಲಿಯಂತಾಯಿತು. ಹುಡುಗರು ನಕ್ಕರು, ಈ ಸಲ ನಮ್ಮನ್ನು ನೋಡಿ. ಅವನು ಬಹಳ ಹೊತ್ತು ತಡೆದುಕೊಂಡ. ಕಡೆಗೆ ತಡೆಯಲಾರದೆ ಎದ್ದುಬಂದು, “ಕಿವಿ ಹಂಗಲ್ರೀ ಗುರುಗಳೇ” ಎಂದು ನಮ್ಮ ಕೈಯಿಂದ ಮಣ್ಣನ್ನು ತೆಗೆದುಕೊಂಡ.

ನಾವು ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟೆವು.